ಯಾವಾಗ ಬಿಸಿಯಾಯಿತು ಎಂದು ಮೊದಲು ಕೇಳಿಕೊಳ್ಳಿ

ಮಕ್ಕಳೇ, ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ನನಗೆ ನಿಮ್ಮ ಕಾರುಗಳ ಚಿಂತೆ ಶುರುವಾಗುತ್ತದೆ. ದೋಹಾದ ಅಲ್ ಮನ್ಸೂರಾ ಗಲ್ಲಿಗಳಲ್ಲಿ ರೂಮು ಹಿಡಿದಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಎಷ್ಟೊಂದು ಜನ! ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನವರು ಮೊದಲಿಂದಲೂ ಇದ್ದರು. ಈಗ ಬೆಂಗಳೂರು, ಹುಬ್ಬಳ್ಳಿ ಕಡೆಯವರೂ ಸಿಗುತ್ತಾರೆ. ಕತಾರ್ ಲೈಸೆನ್ಸ್ ಕೈಗೆ ಬರುತ್ತಿದ್ದಂತೆ, ಕೆಲಸ ಮುಗಿಸಿ ಊರಿಗೆ ಹೊರಟ ಯಾರದೋ ಹಳೆಯ ಕಾರನ್ನು ಕೊಂಡುಬಿಡುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ. ದುಡಿದ ದುಡ್ಡು, ಅಗತ್ಯದ ವಸ್ತು. ಆದರೆ ಕಾರಿನ ಬಾನೆಟ್ ತೆರೆಯುವ ಲಿವರ್ ಯಾವ ಕಡೆ ಇದೆ ಎಂದು ಕೇಳಿದರೆ ನಿಮ್ಮಲ್ಲಿ ಹಲವರು ಸೀಟಿನ ಕೆಳಗೆ ಕೈಹಾಕಿ ತಡಕಾಡುತ್ತೀರಿ. ನನ್ನ ಕಳವಳ ಇರುವುದು ಅಲ್ಲಿ.

ಬೇಸಿಗೆಯಲ್ಲಿ ಸಿ ರಿಂಗ್ ರಸ್ತೆಯ ಸಿಗ್ನಲ್‌ಗಳ ಬಳಿ ಒಂದು ನೋಟ ಆಗಾಗ ಕಾಣುತ್ತದೆ. ಬಾನೆಟ್ ಎತ್ತಿದ ಕಾರು, ಅದರಿಂದ ಏಳುವ ಹಬೆ, ಕುಡಿಯುವ ನೀರಿನ ಬಾಟ್ಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತ ಹುಡುಗ. ಇಂಥವರನ್ನು ಕಂಡಾಗ ನಾನು ಕೇಳುವುದು ಒಂದೇ ಪ್ರಶ್ನೆ: ಟೆಂಪರೇಚರ್ ಮುಳ್ಳು ಯಾವಾಗ ಮೇಲೇರಿತು? ಓಡುವಾಗಲೋ, ನಿಂತಾಗಲೋ? ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. “ಗೊತ್ತಿಲ್ಲ ಅಂಕಲ್, ನೋಡಲಿಲ್ಲ. ಎಸಿ ಬಿಸಿ ಗಾಳಿ ಬಿಡಲಿಕ್ಕೆ ಶುರು ಮಾಡಿತ್ತು. ಮನೆಗೆ ಇನ್ನು ಐದೇ ನಿಮಿಷ ಅಲ್ವಾ ಅಂತ ಬಂದೆ.” ಆ ಐದು ನಿಮಿಷವೇ ಎಂಜಿನ್‌ಗೆ ಮುಳುವಾಗುವುದು. ಕೆಟ್ಟದ್ದು ಒಂದು ಫ್ಯೂಸ್ ಇರಬಹುದು, ಅದರ ಬೆಲೆ ಒಂದು ಕರಕ್ ಚಹಾದ್ದು. ಕಳೆದುಕೊಳ್ಳುವುದು ಮಾತ್ರ ಇಡೀ ಸಿಲಿಂಡರ್ ಹೆಡ್.

ನಾನು ಕಂಡ ಹಳೆಯ ಡ್ರೈವರುಗಳು ಹೀಗಿರಲಿಲ್ಲ. ಊರಿನಲ್ಲಿ ಅಂಬಾಸಿಡರ್ ಟ್ಯಾಕ್ಸಿಗಳ ಕಾಲ ಅದು. ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತಬೇಕು, ಇಲ್ಲವೇ ಹೆಬ್ರಿ ಸೋಮೇಶ್ವರ ದಾಟಿ ಆಗುಂಬೆಯ ತಿರುವುಗಳನ್ನು ಏರಬೇಕು. ಗಾಡಿಯ ತುಂಬ ಜನ, ಮೇಲೆ ಲಗೇಜು. ಸೆಕೆಂಡ್ ಗೇರಿನಲ್ಲಿ ಏದುಸಿರು ಬಿಡುತ್ತಾ ಹತ್ತುವ ಗಾಡಿಯ ಡ್ರೈವರ್ ಕಿವಿ ಎಂಜಿನ್ ಮೇಲೇ ಇರುತ್ತಿತ್ತು. ಅಂಬಾಸಿಡರಿನಲ್ಲಿ ಫ್ಯಾನ್, ವಾಟರ್ ಪಂಪ್, ಡೈನಮೋ ಮೂರನ್ನೂ ತಿರುಗಿಸುವುದು ಒಂದೇ ಬೆಲ್ಟು. ಬೆಲ್ಟು ಸಡಿಲಾದರೆ ಕೀಚಲು ಸದ್ದು, ತುಂಡಾದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ದೀಪ ಕಂಡಿತೋ, ಆತ ಗಾಡಿಯನ್ನು ಬದಿಗೆ ಹಾಕುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತವರು ಎಷ್ಟು ಅವಸರ ಮಾಡಿದರೂ, “ಮಾರಾಯ್ರೆ, ಸ್ವಲ್ಪ ಇಳಿದು ಕಾಲು ಸಡಿಲ ಮಾಡಿ” ಎಂದು ಬಾಗಿಲು ತೆರೆದುಬಿಡುವನು. ನೀರಿನ ಝರಿ ಇರುವ ತಿರುವು ಯಾವುದು, ಅಲ್ಲಿಗೆ ಗಾಡಿ ಎಷ್ಟು ಬಿಸಿಯಾಗಿ ತಲುಪುತ್ತದೆ ಎಂಬುದೆಲ್ಲ ಆತನಿಗೆ ಬಾಯಿಪಾಠ. ರೇಡಿಯೇಟರ್ ಮುಚ್ಚಳದ ಮೇಲೆ ಒದ್ದೆ ಗೋಣಿ ಹಾಕಿ, ಮುಖ ಹಿಂದಕ್ಕೆ ತಿರುಗಿಸಿ, ಅರ್ಧ ತಿರುವು ಬಿಟ್ಟು ಕಾಯುತ್ತಿದ್ದ.

ಅವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಝರಿಯ ನೀರು, ಬಾವಿಯ ನೀರು, ಕೆರೆಯ ನೀರು ಎಂದು ಸಿಕ್ಕಿದ್ದನ್ನೆಲ್ಲ ರೇಡಿಯೇಟರಿಗೆ ಸುರಿದು ಒಳಗೆಲ್ಲ ತುಕ್ಕು, ಕಿಟ್ಟ ಕಟ್ಟಿಸಿದವರೂ ಅವರೇ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಸುರಿಯುವ ವಿದ್ಯೆಯನ್ನೂ ಲಾರಿ ಡ್ರೈವರುಗಳು ಬಲ್ಲರು. ಸಣ್ಣ ತೂತಿಗೆ ಪುಡಿ ಹೋಗಿ ಕೂತು ಸೋರಿಕೆ ನಿಲ್ಲುವುದು ನಿಜ. ಆ ರಾತ್ರಿ ಘಾಟಿ ಇಳಿದು ಊರು ಸೇರಲಿಕ್ಕೆ ಅಷ್ಟು ಸಾಕು. ಆದರೆ ತೂತಿಗೆ ಹೋಗಿ ಕೂತ ಪುಡಿ ಉಳಿದ ಕೊಳವೆಗಳಲ್ಲೂ ಕೂರುತ್ತದಲ್ಲ! ಈಗ ಅಂಗಡಿಯಲ್ಲಿ ಚಂದದ ಬಾಟ್ಲಿಯಲ್ಲಿ ಸಿಗುವ ಲೀಕ್ ಸ್ಟಾಪ್ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ಅದನ್ನು ತುರ್ತಿನ ಮದ್ದೆಂದು ತಿಳಿಯಿರಿ. ಹಾಕಿದ ಮೇಲೆ ರಿಪೇರಿ ಆಯಿತೆಂದು ನಿದ್ದೆ ಮಾಡಬೇಡಿ. ಹಳಬರಿಂದ ನೀವು ಕಲಿಯಬೇಕಾದದ್ದು ಅರಿಶಿನದ ಪುಡಿಯನ್ನಲ್ಲ, ಗಾಡಿ ನಿಲ್ಲಿಸುವ ಧೈರ್ಯವನ್ನು.

1983ರ ಕೊನೆಯಲ್ಲಿ ಮಾರುತಿ 800 ಬಂತು. ಫ್ಯಾನನ್ನು ಕರೆಂಟಿನ ಮೋಟಾರ್ ತಿರುಗಿಸಿತು. ಬೇಕಾದಾಗ ತಾನೇ ಶುರು, ಬೇಡವಾದಾಗ ತಾನೇ ಬಂದ್. ಅನುಕೂಲವೇನೋ ಆಯಿತು. ಆದರೆ ಅಂದಿನಿಂದ ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಎಂದು ಗಮನಿಸುವ ಅಭ್ಯಾಸವೂ ನಮ್ಮ ಕೈಬಿಟ್ಟು ಹೋಯಿತು ಎಂದು ನನಗನ್ನಿಸುತ್ತದೆ.

ಊರಿಗೂ ದೋಹಾಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕಿ ನೋಡಿ. ಪೆಟ್ರೋಲ್ ಉರಿದು ಬರುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಕೂಲೆಂಟ್ ಮೂಲಕ ಹೊರಗೆ ಹೋಗಬೇಕು. ರೇಡಿಯೇಟರ್ ಎಷ್ಟು ಶಾಖವನ್ನು ಹೊರಹಾಕುತ್ತದೆ ಎಂಬುದು ಒಳಗಿನ ಕೂಲೆಂಟ್‌ಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಕೂಲೆಂಟ್ 95 ಡಿಗ್ರಿ ಇದ್ದು, ಬೆಂಗಳೂರಿನ ಗಾಳಿ 25 ಡಿಗ್ರಿ ಇದ್ದರೆ ಅಂತರ 70. ಅದೇ ಕಾರು ಜುಲೈಯ ಮಧ್ಯಾಹ್ನ 45 ಡಿಗ್ರಿಯ ದೋಹಾದಲ್ಲಿದ್ದರೆ ಅಂತರ ಬರೇ 50. ಅದೇ ರೇಡಿಯೇಟರ್, ಅದೇ ಫ್ಯಾನ್, ಆದರೆ ತಂಪು ಮಾಡುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 29ರಷ್ಟು ಖೋತಾ. ಡಾಂಬರಿನ ಮೇಲಿನ ಗಾಳಿ ಇನ್ನೂ ಬಿಸಿ. ಅದರ ಜತೆಗೆ, ರೇಡಿಯೇಟರಿನ ಮುಂದೆ ಎಸಿಯ ಕಂಡೆನ್ಸರ್ ಕೂತು ತನ್ನ ಶಾಖವನ್ನೂ ಅದರ ಮೇಲೆ ಬಿಡುತ್ತಿರುತ್ತದೆ. 2010ರ ಜುಲೈಯಲ್ಲಿ ಇದೇ ದೋಹಾದಲ್ಲಿ 50.4 ಡಿಗ್ರಿ ದಾಖಲಾಗಿತ್ತು. ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಿಸಿಲಿನಲ್ಲಿ ದುಡಿಸಬಾರದೆಂದು ಇಲ್ಲಿನ ಸರಕಾರ ಕಾನೂನು ಮಾಡಿದೆ. ಮನುಷ್ಯನಿಗೆ ಬಿಡುವು ಸಿಕ್ಕಿತು, ನಿಮ್ಮ ಕಾರಿನ ಫ್ಯಾನಿಗೆ ಯಾರು ಕೊಡುತ್ತಾರೆ? ಊರಿನ ಹವೆಯಲ್ಲಿ ವರ್ಷಗಟ್ಟಲೆ ಹೇಗೋ ನಡೆದುಹೋಗುವ ಸಣ್ಣ ದೋಷ ಇಲ್ಲಿ ಒಂದು ವಾರವೂ ನಡೆಯುವುದಿಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಕಾರು ಯಾವಾಗ ಬಿಸಿಯಾಯಿತು?

ಫ್ಯಾನ್ ಇರುವುದು ಮುಖ್ಯವಾಗಿ ನಿಂತ ಗಾಡಿಗೆ, ತೆವಳುವ ಗಾಡಿಗೆ. ವೇಗವಾಗಿ ಓಡುವಾಗ ಗಾಳಿ ತಾನಾಗಿ ಮುಂದಿನಿಂದ ನುಗ್ಗುತ್ತದೆ. ಇದು ಹೊಸ ಸಂಗತಿಯಲ್ಲ. 1888ರಲ್ಲಿ ಬರ್ತಾ ಬೆಂಜ್ ಎಂಬ ಹೆಣ್ಣುಮಗಳು ಗಂಡ ಮಾಡಿದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಝ್‌ಹೈಮ್‌ಗೆ ಹೊರಟಾಗ, ಕುದಿದು ಆರಿಹೋಗುವ ನೀರನ್ನು ದಾರಿಯುದ್ದಕ್ಕೂ ತುಂಬಿಸುತ್ತಲೇ ಹೋಗಬೇಕಾಯಿತು. ಸುಮಾರು ಹನ್ನೆರಡು ವರ್ಷದ ಬಳಿಕ ವಿಲ್‌ಹೆಲ್ಮ್ ಮೇಬ್ಯಾಕ್ ಮೊದಲ ಮರ್ಸಿಡಿಸ್‌ಗೆ 8,070 ಪುಟ್ಟ ಕೊಳವೆಗಳ ರೇಡಿಯೇಟರ್ ಮಾಡಿದ. ಅದರ ಹಿಂದೆ ಒಂದು ಫ್ಯಾನನ್ನೂ ಇಟ್ಟ. ಯಾಕೆಂದರೆ ಗಾಡಿ ನಿಧಾನವಾದಾಗ ಆ ಕೊಳವೆಗಳಿಗೆ ಗಾಳಿ ಸಾಲುವುದಿಲ್ಲ. ಇವತ್ತು ನೀವು ಸಿ ರಿಂಗ್‌ನಲ್ಲಿ ಎದುರಿಸುವುದೂ ಇದೇ ತೊಂದರೆ.

ಆದ್ದರಿಂದ ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ಏರಿ, ದುಖಾನ್ ರಸ್ತೆಗೋ ಶಮಾಲ್ ರಸ್ತೆಗೋ ಹತ್ತಿ ವೇಗ ಹಿಡಿದ ಕೂಡಲೇ ಇಳಿಯುತ್ತದೆ ಎಂದಾದರೆ ಅನುಮಾನ ಮೊದಲು ಫ್ಯಾನಿನ ಮೇಲೆ. ಎಸಿಯೂ ಅದೇ ಸಾಕ್ಷಿ ಹೇಳುತ್ತದೆ: ಓಡುವಾಗ ತಂಪು, ನಿಂತಾಗ ಬೆಚ್ಚಗೆ. ಎಷ್ಟೋ ಹುಡುಗರು ಇದನ್ನು ಗ್ಯಾಸ್ ಕಡಿಮೆಯಾಗಿದೆ ಎಂದುಕೊಂಡು ಎಸಿ ಅಂಗಡಿಗೆ ಹೋಗಿ ಗ್ಯಾಸ್ ತುಂಬಿಸಿ ಬರುತ್ತಾರೆ. ಎಂಜಿನ್ ಕಾಯುವ ಮೊದಲೇ ಎಸಿ ಕೊಟ್ಟ ಸೂಚನೆ ವ್ಯರ್ಥವಾಯಿತು. ಇದಕ್ಕೆ ತದ್ವಿರುದ್ಧವಾಗಿ, ಊರೊಳಗೆ ಸರಿಯಿದ್ದು ಸಲ್ವಾ ರಸ್ತೆಯಲ್ಲಿ ಅಬು ಸಮ್ರಾ ಕಡೆಗೆ ವೇಗವಾಗಿ ಹೋಗುವಾಗ ಬಿಸಿಯಾದರೆ ಫ್ಯಾನನ್ನು ಬೈಯಬೇಡಿ. ಅಲ್ಲಿ ಕೂಲೆಂಟ್ ಕಡಿಮೆಯಿರಬಹುದು, ರೇಡಿಯೇಟರ್ ಒಳಗೋ ಹೊರಗೋ ಕಟ್ಟಿರಬಹುದು, ಥರ್ಮೋಸ್ಟ್ಯಾಟ್ ಪೂರ್ತಿ ತೆರೆಯುತ್ತಿಲ್ಲದಿರಬಹುದು, ವಾಟರ್ ಪಂಪ್ ಸೋತಿರಬಹುದು. ನಿಂತರೂ ಓಡಿದರೂ ಬಿಸಿ, ಕೂಲೆಂಟ್ ಬಾಟ್ಲಿಯಲ್ಲಿ ಗುಳ್ಳೆ, ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಆಯಿಲ್ ಮುಚ್ಚಳದಡಿ ಹಾಲು ಬೆರೆತ ಕಾಫಿಯ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಆಗ ಸ್ಟಾರ್ಟ್ ಮಾಡಲೇಬೇಡಿ, ರಿಕವರಿ ಗಾಡಿ ಕರೆಸಿ.

ಫ್ಯಾನಿನದೇ ದೋಷ ಎಂದು ಗೊತ್ತಾದ ಮೇಲೂ ಫ್ಯಾನ್ ಕೊಳ್ಳಲು ಗ್ಯಾರೇಜುಗಳಿರುವ ಸನಾಯ್ಯಕ್ಕೆ ಓಡಬೇಡಿ. ಅಗ್ಗದ್ದನ್ನು ಮೊದಲು ನೋಡಿ. ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಎಂಜಿನ್ ಬಂದ್ ಮಾಡಿ ಫ್ಯೂಸ್ ಪೆಟ್ಟಿಗೆ ತೆರೆಯಿರಿ. ಮುಚ್ಚಳದ ಒಳಗಡೆ ಯಾವ ಫ್ಯೂಸ್ ಯಾವುದಕ್ಕೆ ಎಂದು ಚಿತ್ರ ಸಮೇತ ಬರೆದಿರುತ್ತದೆ. ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರಿನದ್ದನ್ನು ಹಾಕಿ. ಅದೂ ಸುಟ್ಟರೆ ಮೋಟಾರ್ ಬಿಗಿಯಾಗಿ ಹೆಚ್ಚು ಕರೆಂಟ್ ಎಳೆಯುತ್ತಿರಬಹುದು. “ದೊಡ್ಡ ಫ್ಯೂಸ್ ಹಾಕಿ ಭಾಯಿ” ಎನ್ನುವವರ ಮಾತು ಕೇಳಬೇಡಿ. ಫ್ಯೂಸ್ ಉಳಿಯುತ್ತದೆ, ವೈರ್ ಕರಗಿ ಬೆಂಕಿ ಹತ್ತುತ್ತದೆ. ಫ್ಯೂಸ್ ಸರಿಯಿದ್ದರೆ ರಿಲೇ. ಅದೇ ಪೆಟ್ಟಿಗೆಯಲ್ಲಿ ಹಾರ್ನ್‌ಗೋ ಮತ್ತೊಂದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ. ಫ್ಯಾನ್ ತಿರುಗಿತು, ಹಾರ್ನ್ ಹೋಯಿತು ಎಂದಾದರೆ ಕಳ್ಳ ಸಿಕ್ಕಿದ. ಆಮೇಲೆ ಮೋಟಾರಿನ ಪ್ಲಗ್. ಇಲ್ಲಿನ ಬಿಸಿಗೆ ಪ್ಲಾಸ್ಟಿಕ್ ಕಂದಿ, ಪಿನ್ ಕಪ್ಪಾಗಿ, ಕರೆಂಟ್ ದಾಟದಂತಾಗುವುದು ತೀರಾ ಮಾಮೂಲು. ಪ್ಲಗ್ ಬಿಡಿಸಿ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಟ್ಟರೆ ಮೋಟಾರ್ ಬದುಕಿದೆಯೋ ಇಲ್ಲವೋ ತಿಳಿಯುತ್ತದೆ. ಇದನ್ನು ಬಲ್ಲವರ ಎದುರು ಮಾಡಿ.

ಬೆರಳು ಜೋಪಾನ. ಕರೆಂಟ್ ಫ್ಯಾನ್ ಎಂಜಿನ್ ಬಂದ್ ಆದ ಮೇಲೂ ಏಕಾಏಕಿ ಶುರುವಾಗಬಲ್ಲದು. ಹೆಣ್ಣುಮಕ್ಕಳು ದುಪಟ್ಟಾ, ಹುಡುಗರು ಕುತ್ತಿಗೆಯ ಐಡಿ ಕಾರ್ಡಿನ ದಾರ ತೆಗೆದಿಟ್ಟು ಬಗ್ಗಬೇಕು.

ಇನ್ನೂ ಎರಡು ಸಂಗತಿ ಹೇಳುತ್ತೇನೆ, ಇವು ಮೆಕ್ಯಾನಿಕ್‌ಗಳಿಗೂ ಕೆಲವೊಮ್ಮೆ ತಪ್ಪಿಹೋಗುತ್ತವೆ. ಫ್ಯಾನ್ ಮೋಟಾರಿನ ಕವಚಕ್ಕೆ ಮೆಲ್ಲಗೆ ತಟ್ಟಿದಾಗ ಅದು ತಿರುಗಲು ಶುರು ಮಾಡಿದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ. ಇವತ್ತು ತಿರುಗಿತು ಎಂದು ಖುಷಿಪಡಬೇಡಿ, ನಾಳೆ ತಿರುಗದು. ಎರಡನೆಯದು, ಎರಡು ವೇಗದ ಫ್ಯಾನ್ ಇರುವ ಕೆಲವು ಕಾರುಗಳಲ್ಲಿ ಕಡಿಮೆ ವೇಗಕ್ಕೆ ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟರೆ ಫ್ಯಾನ್ ಮೊದಲ ಹಂತದಲ್ಲಿ ಸುಮ್ಮನಿದ್ದು, ಎಂಜಿನ್ ಚೆನ್ನಾಗಿ ಕಾದ ಮೇಲೆ ಧಡಕ್ಕನೆ ಪೂರ್ಣ ವೇಗದಲ್ಲಿ ಎದ್ದೇಳುತ್ತದೆ. “ಫ್ಯಾನ್ ಜೋರಾಗಿ ತಿರುಗುತ್ತಿದೆಯಲ್ಲ ಅಂಕಲ್” ಎಂದು ಹುಡುಗರು ವಾದಿಸುತ್ತಾರೆ. ತಿರುಗುವುದು ಹೌದು, ತಡವಾಗಿ ತಿರುಗುತ್ತಿದೆ. ಇಲ್ಲಿಯೂ ಪ್ರಶ್ನೆ ಅದೇ: ಯಾವಾಗ?

ಹಳೆಯ ಲ್ಯಾಂಡ್ ಕ್ರೂಸರ್, ಪ್ಯಾಟ್ರೋಲ್‌ಗಳನ್ನು ನಾಲ್ಕಾರು ಗೆಳೆಯರು ಸೇರಿ ಕೊಂಡು ಸೀಲೈನ್ ಮರಳಿಗೆ ಹೋಗುವ ಹುಚ್ಚು ನಿಮಗೆ ಈಗ ಬಂದಿದೆ. ಅಂಥ ಗಾಡಿಗಳ ಫ್ಯಾನ್ ಎಂಜಿನ್ನಿನಿಂದಲೇ ತಿರುಗುತ್ತದೆ. ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್ ಇರುತ್ತದೆ. ಬಿಸಿ ಗಾಳಿ ತಗುಲಿದಾಗ ಕ್ಲಚ್ ಬಿಗಿಯಾಗಬೇಕು. ಎಂಜಿನ್ ಕಾದ ಬಳಿಕ ಬಂದ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಅಡ್ಡಿಯೇ ಇಲ್ಲದೆ ಗಿರಗಿರ ಸುತ್ತಿದರೆ, ಅಥವಾ ನಡುವೆ ಎಣ್ಣೆ ಒಸರಿ ಧೂಳು ಮೆತ್ತಿದ್ದರೆ ಕ್ಲಚ್ ಮುಗಿದಿದೆ. ಮರಳಿನಿಂದ ಬಂದ ಮೇಲೆ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ಧೂಳು, ಹುಲ್ಲು, ಪ್ಲಾಸ್ಟಿಕ್ ಚೂರು ಕಂಬಳಿಯಂತೆ ಹೊದ್ದಿರುತ್ತದೆ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗಿನ ನೀರಿನಲ್ಲಿ ತೊಳೆಯಬೇಕು. ಕಾರ್ ವಾಶಿನವನ ಪ್ರೆಶರ್ ಪೈಪು ಹಿಡಿದರೆ ರೆಕ್ಕೆಗಳೆಲ್ಲ ಮಡಚಿ, ಇದ್ದ ದಾರಿಯೂ ಮುಚ್ಚುತ್ತದೆ.

ಗ್ಯಾರೇಜಿನ ಅಡ್ಡದಾರಿಗಳ ಬಗ್ಗೆ ಒಂದಿಷ್ಟು ಖಾರವಾಗಿಯೇ ಹೇಳಬೇಕು. “ಇದು ಗಲ್ಫ್, ಇಲ್ಲಿ ಥರ್ಮೋಸ್ಟ್ಯಾಟ್ ಬೇಡ, ತೆಗೆದು ಬಿಸಾಡಿ” ಎನ್ನುವ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಥರ್ಮೋಸ್ಟ್ಯಾಟ್ ತೆಗೆದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಕೂಲೆಂಟ್ ರೇಡಿಯೇಟರಿಗೆ ಹೋಗದೆ ಒಳದಾರಿಯಲ್ಲೇ ಸುತ್ತಿ, ತೆಗೆದದ್ದರಿಂದಲೇ ಬಿಸಿ ಹೆಚ್ಚುವುದೂ ಉಂಟು. ಮೂಲದ ರೋಗ ಮಾತ್ರ ಮುಚ್ಚಿಹೋಗುತ್ತದೆ. ಇನ್ನೊಂದು ಅಡ್ಡದಾರಿ ಫ್ಯಾನಿಗೆ ಡೈರೆಕ್ಟ್ ಕೊಡುವುದು. ಸೆನ್ಸರ್, ರಿಲೇ ಎಲ್ಲ ಬದಿಗಿಟ್ಟು, ಕೀ ತಿರುಗಿಸಿದರೆ ಫ್ಯಾನ್ ತಿರುಗುವಂತೆ ಒಂದು ವೈರ್ ಎಳೆದುಬಿಡುವುದು. ನಡುವೆ ಫ್ಯೂಸೂ ಇರುವುದಿಲ್ಲ. ಪ್ಲಸ್ ಮೈನಸ್ ತಿರುಗುಮುರುಗಾದರೆ ಫ್ಯಾನ್ ಉಲ್ಟಾ ತಿರುಗಿ, ಮುಂದಿನಿಂದ ಬರುವ ಗಾಳಿಯನ್ನೇ ತಳ್ಳುತ್ತಾ ಕೂರುತ್ತದೆ. ನೋಡುವವರಿಗೆ ಫ್ಯಾನ್ ಸರಿ. ಒಂದು ತೆಳ್ಳಗಿನ ಕಾಗದವನ್ನು ಗ್ರಿಲ್ ಮುಂದೆ ಹಿಡಿದು ನೋಡಿ, ಅದು ಗ್ರಿಲ್ ಕಡೆಗೆ ಅಂಟಿಕೊಳ್ಳಬೇಕು. ಹಾರಿಹೋದರೆ ಗಾಳಿ ಉಲ್ಟಾ. ರಿಪೇರಿಯ ಬಳಿಕ ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಗ್ಯಾರೇಜಿನ ಮೂಲೆಯಲ್ಲೇ ಉಳಿದಿದ್ದರೆ ಅದನ್ನೂ ಹಾಕಿಸಿ. ಕವಚವಿಲ್ಲದ ಫ್ಯಾನ್ ರೇಡಿಯೇಟರಿನಿಂದ ಗಾಳಿ ಎಳೆಯುವ ಬದಲು ಅಕ್ಕಪಕ್ಕದ ಬಿಸಿ ಗಾಳಿಯನ್ನೇ ಕಡೆಯುತ್ತದೆ.

ಎಲ್ಲ ಮೆಕ್ಯಾನಿಕ್‌ಗಳೂ ಹೀಗೆ ಎಂದು ನಾನು ಹೇಳುವುದಿಲ್ಲ. ಸನಾಯ್ಯದ ಶೆಡ್ಡುಗಳಲ್ಲಿ ಆ ಬಿಸಿಯಲ್ಲಿ ನಿಂತು ಪ್ರಾಮಾಣಿಕವಾಗಿ ದುಡಿಯುವವರು ಬಹಳ ಜನ ಇದ್ದಾರೆ. ಆದರೆ “ಗಾಡಿ ಬಿಸಿಯಾಗುತ್ತದೆ, ನೋಡಿ” ಎಂದಷ್ಟೇ ಹೇಳಿ ಕೀ ಕೊಟ್ಟು ಬಂದರೆ ಒಳ್ಳೆಯ ಮೆಕ್ಯಾನಿಕ್ ಕೂಡ ಊಹೆಯ ಮೇಲೆ ನಡೆಯಬೇಕಾಗುತ್ತದೆ. ಆ ಊಹೆಯ ದುಡ್ಡನ್ನು ನೀವೇ ಕೊಡಬೇಕು: ಮೊದಲು ಥರ್ಮೋಸ್ಟ್ಯಾಟ್, ಆಮೇಲೆ ಪಂಪ್, ಆಮೇಲೆ ರೇಡಿಯೇಟರ್, ಕೊನೆಗೆ ಕೆಟ್ಟದ್ದು ರಿಲೇ. “ಸಿಗ್ನಲ್‌ನಲ್ಲಿ ಮಾತ್ರ ಏರುತ್ತದೆ, ಎಸಿ ಹಾಕಿದರೂ ಫ್ಯಾನ್ ತಿರುಗುವುದಿಲ್ಲ, ಫ್ಯೂಸ್ ಸರಿಯಿದೆ, ಕೂಲೆಂಟ್ ಕಡಿಮೆಯಾಗಿಲ್ಲ” ಎಂದು ಹೇಳಿ ನೋಡಿ. ಆತ ನಿಮ್ಮ ಮುಖವನ್ನೊಮ್ಮೆ ನೋಡಿ ಸರಿಯಾದ ಜಾಗಕ್ಕೇ ಕೈ ಹಾಕುತ್ತಾನೆ. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ, ನಾಚಿಕೆ ಬೇಡ.

ಮುಳ್ಳು ಏರುವುದನ್ನು ದಾರಿಯಲ್ಲೇ ಕಂಡಿರಿ ಎಂದುಕೊಳ್ಳಿ. ಮೊದಲು ಎಸಿ ಬಂದ್ ಮಾಡಿ. ಆಮೇಲೆ ಕಿಟಕಿ ಇಳಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಜುಲೈಯಲ್ಲಿ ಹೀಟರ್ ಹಾಕುವುದೆಂದರೆ ನರಕ, ಗೊತ್ತು. ಆದರೆ ಹೀಟರ್ ಎಂದರೆ ಡ್ಯಾಶ್‌ಬೋರ್ಡ್ ಒಳಗಿರುವ ಇನ್ನೊಂದು ಸಣ್ಣ ರೇಡಿಯೇಟರ್. ಎಂಜಿನ್ನಿನ ಶಾಖವನ್ನು ಅದು ನಿಮ್ಮ ಮೇಲೆ ಬಿಡುತ್ತದೆ, ಎಂಜಿನ್ ಉಳಿಯುತ್ತದೆ. ಫ್ಯಾನ್ ಕೆಟ್ಟ ಕಾರಾದರೆ, ಮುಂದೆ ರಸ್ತೆ ಖಾಲಿಯಿದ್ದರೆ, ಒಂದೇ ಹದದಲ್ಲಿ ಓಡಿದಾಗ ಮುಳ್ಳು ಇಳಿಯುವುದೂ ಇದೆ. ಆದರೆ ಕೆಂಪು ಗೆರೆ ಮುಟ್ಟಿತೋ, ಹಬೆ ಕಂಡಿತೋ, ಮತ್ತೆ ಲೆಕ್ಕಾಚಾರ ಬೇಡ. ಸುರಕ್ಷಿತ ಜಾಗದಲ್ಲಿ ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿ. ಮುಚ್ಚಳ ಮುಟ್ಟಬೇಡಿ. ಒಳಗೆ ಸುಮಾರು ಒಂದು ಬಾರ್ ಒತ್ತಡ ಇರುವುದರಿಂದ ಬರಿಯ ನೀರು ಕೂಡ 120 ಡಿಗ್ರಿಯ ತನಕ ಕುದಿಯದೆ ತಡೆದಿರುತ್ತದೆ. ಅರ್ಧ ಗ್ಲೈಕಾಲ್ ಬೆರೆತದ್ದು ಇನ್ನೂ ಮೇಲೆ. ಮುಚ್ಚಳ ತೆರೆದ ಕ್ಷಣ ಒತ್ತಡ ಹೋಗಿ ಅಷ್ಟೂ ಒಟ್ಟಿಗೆ ಕುದಿದು ನಿಮ್ಮ ಮುಖಕ್ಕೆ ಹಾರುತ್ತದೆ. ಕನಿಷ್ಠ ಒಂದು ಗಂಟೆ ಕಾಯಿರಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರಿಯುತ್ತದೆ.

ಏರಿದ್ದ ಮುಳ್ಳು ಏನೂ ಮಾಡದೆ ದಿಢೀರನೆ ತಣ್ಣಗಿನ ಕಡೆಗೆ ಬಿದ್ದರೆ ಸಮಾಧಾನ ಪಡಬೇಡಿ. ಕೂಲೆಂಟೆಲ್ಲ ಸೋರಿ ಹೋಗಿ ಸೆನ್ಸರ್ ಒಣಗಿರಬಹುದು, ಅದು ಅಳೆಯಲು ನೀರೇ ಉಳಿದಿಲ್ಲ. ಈಗಿನ ಕಾರುಗಳ ಮುಳ್ಳು ಹತ್ತಾರು ಡಿಗ್ರಿ ವ್ಯತ್ಯಾಸವಾದರೂ ನಡುವಿನಲ್ಲೇ ನಿಂತಿರುವಂತೆ ಮಾಡಿಟ್ಟಿರುತ್ತಾರೆ. ಕೆಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ಬರೇ ಒಂದು ದೀಪ. ಹಗಲೂ ರಾತ್ರಿ ಮೊಬೈಲ್ ಹಿಡಿದಿರುತ್ತೀರಲ್ಲ, ಅದನ್ನು ಇದಕ್ಕೂ ಬಳಸಿ. ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಸಾಧನ ಅಗ್ಗಕ್ಕೆ ಸಿಗುತ್ತದೆ. ಕೂಲೆಂಟ್ ಎಷ್ಟು ಡಿಗ್ರಿ ಇದೆ ಎಂದು ಅಂಕಿಯಲ್ಲೇ ತೋರಿಸುತ್ತದೆ. ನಮ್ಮ ಕಾಲದ ಡ್ರೈವರ್ ಕಿವಿಯಿಂದ ಅಂದಾಜು ಮಾಡಿದ್ದನ್ನು ನೀವು ಕಣ್ಣಿಂದ ಓದಬಹುದು. ಇಷ್ಟು ಅನುಕೂಲ ಇದ್ದೂ ನೋಡದಿದ್ದರೆ ಹೇಗೆ?

ಗಾಡಿಗಿಂತ ನನಗೆ ನಿಮ್ಮ ಚಿಂತೆ ಹೆಚ್ಚು. ಸಲ್ವಾ ರಸ್ತೆಯಲ್ಲೋ ಝಕ್ರೀತ್ ದಾರಿಯಲ್ಲೋ ಎಸಿ ಇಲ್ಲದೆ ನಿಂತ ಕಾರಿನೊಳಗೆ ಹೆಂಡತಿ, ಎಳೆ ಮಗು ಇದ್ದರೆ ಅದು ಎಂಜಿನ್ ರಿಪೇರಿಯ ವಿಷಯವಾಗಿ ಉಳಿಯುವುದಿಲ್ಲ. ಡಿಕ್ಕಿಯಲ್ಲಿ ಮನುಷ್ಯರು ಕುಡಿಯುವುದಕ್ಕೆಂದೇ ಬೇರೆ ನೀರು ಇಟ್ಟುಕೊಳ್ಳಿ, ಕಾರಿಗೆ ಸುರಿದು ಮುಗಿಸಬೇಡಿ. ಮಗುವಿಗೋ ಹಿರಿಯರಿಗೋ ತಲೆಸುತ್ತು, ವಾಂತಿ ಕಂಡರೆ ಬಾನೆಟ್ ಬಿಟ್ಟು 999ಕ್ಕೆ ಫೋನ್ ಮಾಡಿ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಿ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ವಾಪಸು ಬನ್ನಿ. ತಣ್ಣಗಿರುವಾಗ ಮುಚ್ಚಳ ತೆರೆದು ಕೂಲೆಂಟಿನ ಬಣ್ಣ ನೋಡಿ. ಹಸಿರು, ಕೆಂಪು, ಗುಲಾಬಿ ಯಾವುದೂ ಆಗಬಹುದು, ಕಂದು ನೀರು ಬೇಡ. ಕೀ ಆನ್ ಮಾಡಿದಾಗ ಎಚ್ಚರಿಕೆಯ ದೀಪ ಒಮ್ಮೆ ಹೊತ್ತಿ ಆರುತ್ತದೆಯೇ? ಎಸಿ ಹಾಕಿ ಇಪ್ಪತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡಲಿ. ಸಂಕೋಚ ಪಡಬೇಡಿ, ನಿಮ್ಮ ದುಡ್ಡು. ಫ್ಯಾನ್ ತಿರುಗುವುದನ್ನು, ಮುಳ್ಳು ಏರದಿರುವುದನ್ನು ಕಣ್ಣಾರೆ ಕಂಡ ಮೇಲೆ ಇಸ್ತಿಮಾರದ, ಅಂದರೆ ಕಾರಿನ ರಿಜಿಸ್ಟ್ರೇಶನ್ ಕಾರ್ಡಿನ, ಮಾತು ಎತ್ತಿ. ಫಾಹೆಸ್ ವಾಹನ ತಪಾಸಣೆಯಲ್ಲಿ ಪಾಸಾಗಿದೆ ಎಂಬ ಒಂದೇ ಮಾತಿನ ಮೇಲೆ ಕೊಳ್ಳಬೇಡಿ. ಅಲ್ಲಿ ಪಾಸಾದ ಕಾರು ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತು ತಡೆಯುತ್ತದೆ ಎಂದೇನೂ ಇಲ್ಲ.

ಈಗಾಗಲೇ ಕೊಂಡಾಗಿದೆಯಾ? ಪರವಾಗಿಲ್ಲ. ಶುಕ್ರವಾರ ಬೆಳಿಗ್ಗೆ ತಿಂಡಿಗೆ ಇಳಿಯುತ್ತೀರಲ್ಲ, ಹಾಗೆಯೇ ಕಾರಿನ ಬಳಿ ಹೋಗಿ. ಸ್ಟಾರ್ಟ್ ಮಾಡುವ ಮೊದಲು ಬಗ್ಗಿ ಅಡಿಯ ನೆಲ ನೋಡಿ. ಎಸಿಯ ನೀರು ಬಣ್ಣವಿಲ್ಲದ್ದು, ಒಣಗಿದರೆ ಗುರುತು ಉಳಿಯದು. ಬಣ್ಣದ ಕಲೆ, ಜಿಡ್ಡು, ಸಿಹಿ ವಾಸನೆ ಇದ್ದರೆ ಕೂಲೆಂಟ್. ಅದು ವಿಷ, ಗಲ್ಲಿಯ ಬೆಕ್ಕುಗಳು ನೆಕ್ಕುವ ಮೊದಲು ತೊಳೆದುಬಿಡಿ. ಬಾನೆಟ್ ಎತ್ತಿ ಬಾಟ್ಲಿಯ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ನೋಡಿ, ಹೋಸ್ ಪೈಪುಗಳನ್ನು ಒತ್ತಿ ನೋಡಿ. ಮಟ್ಟ ಪ್ರತಿ ವಾರ ಇಳಿಯುತ್ತಿದ್ದರೆ ತುಂಬಿಸುತ್ತಾ ಹೋಗುವುದು ಉಪಾಯವಲ್ಲ, ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಬೇಕು. ತುಂಬಿಸಲೇಬೇಕಾದರೆ ಮ್ಯಾನುಯಲ್‌ನಲ್ಲಿ ಹೇಳಿದ ಜಾತಿಯದ್ದೇ ಆಗಲಿ. ಬಣ್ಣ ಹೊಂದಿತು ಎಂದು ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ. ಇದಕ್ಕೆಲ್ಲ ಹಿಡಿಯುವುದು ಒಂದು ಚಹಾ ಕುಡಿಯುವ ಹೊತ್ತು. ರೂಮಿನ ಗೆಳೆಯರನ್ನೂ ಕರೆಯಿರಿ, ಒಬ್ಬ ಕಲಿತರೆ ಇಡೀ ಫ್ಲ್ಯಾಟ್ ಕಲಿಯುತ್ತದೆ.

ಮತ್ತೆ, ಗಾಡಿಯ ಮೇಲೆ ಅನುಮಾನ ಬಂದ ದಿನ ಅದನ್ನು ಆಫೀಸಿಗೆ ಒಯ್ಯಲೇಬೇಕೆಂಬ ಹಠ ಬೇಡ. ಅಲ್ ಮನ್ಸೂರಾ ಮೆಟ್ರೋ ಸ್ಟೇಶನ್ ನಿಮ್ಮ ಮನೆಯ ಹತ್ತಿರವೇ ಇದೆ. 2019ರ ಡಿಸೆಂಬರಿನಿಂದ ಗ್ರೀನ್ ಲೈನ್ ಇಲ್ಲಿಂದಲೇ ಹೊರಡುತ್ತದೆ, ಮುಶೈರಿಬ್‌ನಲ್ಲಿ ಇಳಿದರೆ ರೆಡ್ ಲೈನ್, ಗೋಲ್ಡ್ ಲೈನ್ ಎರಡೂ ಸಿಗುತ್ತವೆ. ಸಾಮಾನ್ಯ ಕಾರ್ಡಿಗೆ ಒಂದು ಪ್ರಯಾಣಕ್ಕೆ 2 ರಿಯಾಲ್. ಕಾರನ್ನು ಗಲ್ಲಿಯಲ್ಲೇ ಬಿಡಿ. ಸಂಜೆ ಬಿಸಿಲಿಳಿದ ಮೇಲೆ ಬಾನೆಟ್ ಎತ್ತಿ ಫ್ಯೂಸಿನಿಂದ ಶುರು ಮಾಡಿ. ಗೊತ್ತಾಗದಿದ್ದರೆ ಫೋನ್ ಮಾಡಿ, ನಾನು ಹೇಗೂ ಎಂಟು ಗಂಟೆಗೆ ನಡೆಯಲು ಆ ಕಡೆಗೇ ಬರುತ್ತೇನೆ. ಯಾವಾಗ ಬಿಸಿಯಾಯಿತು ಎಂಬುದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದಿಟ್ಟಿರಿ.